ಅಪ್ಪನ ಎಪ್ಪತ್ತರ ಊಟ

ನವೆಂಬರ್ ೯, ಶನಿವಾರ. ಮೊಕ್ಪೊ.

ಇವತ್ತು ಅಪ್ಪನಿಗೆ ಎಪ್ಪತ್ತು ತುಂಬಿತು. ಊಟಕ್ಕೆ ಬಂದವರ ಮುಂದೆ ಹಾಡಲು ಅಪ್ಪ ಗ್ವಾಂಗ್ಜುವಿನಿಂದ ಪಾನ್ಸೊರಿ ಗಾಯಕಿಯನ್ನು, ನಮ್ಮ ಕೊರಿಯಾದ ಹಳೆಯ ಕಥೆಗಳನ್ನು ಹಾಡುವವಳನ್ನು, ಕರೆಸಿದ್ದರು. ಹದಿನೆಂಟು ವರ್ಷದಿಂದ ಪಾನ್ಸೊರಿಯನ್ನೇ ಹಾಡುತ್ತಿರುವ ಮಗಳು ನಾನು ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದೆ. ಮನೆಮಗಳು ಹಾಡಿದರೆ ಮಾನ ಹೋಗುತ್ತದಂತೆ.

ಬಂದವಳು ನನ್ನ ಶಿಷ್ಯೆ ಸೊಲ್ಹಿ. ನನ್ನನ್ನು ಕಂಡವಳೇ ಸೊಂಟ ಬಗ್ಗಿಸಿ ವಂದಿಸಿದಳು. "ಗುರುಗಳೇ, ನೀವಿರುವಾಗ ನಾನು ಹಾಡೋದಾ?"

"ನೀನು ಹಾಡಮ್ಮ," ಅಂದರು ಅಪ್ಪ. "ಅವಳಿಗೆ ಒಳಗೆ ಕೆಲಸ ಇದೆ."

ಹಾಡು ಕೇಳಿ ಅಪ್ಪ ಕಣ್ಣೊರೆಸಿಕೊಂಡರು. "ಆಹಾ, ಇವಳನ್ನು ಹೆತ್ತ ಹೊಟ್ಟೆ ತಣ್ಣಗಿರಲಿ!" ಅವರನ್ನು ಅಳಿಸಿದ ಆ ಸಾಲನ್ನು ಆರು ತಿಂಗಳು ತಿದ್ದಿ ಕಲಿಸಿದವಳು ನಾನು.

ಸೊಲ್ಹಿ ಹೊರಟಾಗ ಕಳಿಸಿಕೊಡಲು ನಾನು ಬಾಗಿಲಿಗೂ ಹೋಗಲಿಲ್ಲ. ಹೊಟ್ಟೆಕಿಚ್ಚು, ಅದೂ ಮಗಳಂಥವಳ ಮೇಲೆ. ಅಪ್ಪನನ್ನು ಬೇರೆಲ್ಲಕ್ಕೂ ಕ್ಷಮಿಸಿಯೇನು; ನನ್ನೊಳಗೆ ಈ ಕಿಚ್ಚು ಹಚ್ಚಿದ್ದಕ್ಕೆ ಮಾತ್ರ ನಾನು…