ಅವ್ವ ಕೊಟ್ಟ ಕೈ

ಮುದ್ದೇಬಿಹಾಳ,
ಫೆಬ್ರವರಿ ಮೂವತ್ತು, ೨೨೧೧

ಆರೇಳು ತಲೆಮಾರು ಹಿಂದಿರುವ ನಮ್ಮ ಹಿರಿಯರಿಗೆ ನೀಲಗಂಗಾಳ ಶರಣು.

ತಾರೀಖು ಕಂಡು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ‘ಅಂಗತೋಟ’ ಅಂಥದೊಂದು. ರೋಗಿಯ ಮೈಯದೇ ಒಂದು ಚೂರಿನಿಂದ ಕಿಡ್ನಿಯನ್ನೋ ಹೃದಯವನ್ನೋ ಗಾಜಿನ ಮಡಕೆಯಲ್ಲಿ ಬೆಳೆಸುವ ಮನೆಗೆ ಹಾಗೆನ್ನುತ್ತೇವೆ. ನಮ್ಮೂರಿನದು ನೆರಳುಬೀದಿಯಲ್ಲಿದೆ. ಬಿಸಿಲಿನಿಂದ ಕರೆಂಟು ಮಾಡುವ ಚಪ್ಪರ ಹೊದ್ದ ಬೀದಿಗೆ ಆ ಹೆಸರು; ಮಧ್ಯಾಹ್ನ ಅಲ್ಲಿ ಮುದುಕರು ಮಲಗುತ್ತಾರೆ, ಹೆಂಗಸರು ಕೂತು ಶೇಂಗಾ ಸುಲಿಯುತ್ತಾರೆ. ಆ ತೋಟದಲ್ಲಿ ಕೈ ಮಾತ್ರ ಬೆಳೆಯುವುದಿಲ್ಲ. ಎಲುಬು, ನರ, ಬೆರಳು ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಬೆಳೆಸುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ. ಕೈ ಬೇಕಾದವರು ಇಂದಿಗೂ ಸತ್ತವರ ಮನೆಯವರನ್ನೇ ಕೇಳಬೇಕು.

ನನ್ನ ಅವ್ವ ಗುರುಸಿದ್ಧವ್ವ ಒಮ್ಮೆ ರೊಟ್ಟಿ ಬಡಿಯುತ್ತ ಅಂದಿದ್ದಳು: “ನಾ ಹ್ವಾದ ಮ್ಯಾಲೆ ಈ ಕೈ ಯಾರಿಗರ ಕೊಟ್ಟಬಿಡ್ರಿ. ಮಣ್ಣಾಗ ಏನ್ ರೊಟ್ಟಿ ಬಡಿಯೂದೈತಿ?” ಅಪ್ಪ ಚನ್ನಮಲ್ಲಪ್ಪ ಆಗ ನಕ್ಕಿದ್ದ.

ನಾಲ್ಕು ವರ್ಷದ ಹಿಂದೆ ಅವ್ವನ ಮಿದುಳಿನಲ್ಲಿ ರಕ್ತನಾಳ ಒಡೆಯಿತು. ಮಿದುಳು ಸತ್ತಿದೆ, ಉಸಿರು ಯಂತ್ರದ್ದಷ್ಟೇ ಎಂದರು ಡಾಕ್ಟರು. ಕೈಯ ಮಾತು ಬಂದಾಗ ಅಪ್ಪ “ಬ್ಯಾಡ” ಎಂದುಬಿಟ್ಟ. “ಅವ್ವನ ಮಾತು ಮುರೀತೀಯೇನಪಾ?” ಎಂದು ನಾನು ಕೂಗಾಡಿದೆ. ಅವನು ಗೋಡೆಗೆ ಮುಖಮಾಡಿ ಕುಳಿತ.

ನಮ್ಮ ಮನೆತನದ ಗುರುಗಳಾದ ಅಯ್ನೋರು ಬಂದು ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. ಏನೂ ಉಪದೇಶಿಸಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪನೇ ಬಾಯಿಬಿಟ್ಟ.

“ಅಯ್ನೋರ, ಅಂಗೈನ ಇಲ್ದಿದ್ರ ಆಕಿ ಲಿಂಗ ಎಲ್ಲಿ ಇಡೂದ್ರಿ?”

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅಪ್ಪನನ್ನು ಕೊರೆಯುತ್ತಿದ್ದದ್ದು ಇದೊಂದೇ. ನನಗೆ ಹೊಳೆದಿರಲಿಲ್ಲ.

ಅಯ್ನೋರು ಕೇಳಿದರು: “ಇಷ್ಟ ವರ್ಷ ಆಕಿ ಲಿಂಗ ಎಲ್ಲಿತ್ತು, ಚನ್ನಮಲ್ಲಪ್ಪ?”

“ಎದಿ ಮ್ಯಾಲ್ರಿ.”

“ಅಲ್ಲೇ ಇರ್ಲಿ ಬಿಡು.”

ಅಪ್ಪ ಎದ್ದು, ಧೋತರದ ಸೆರಗಿನಿಂದ ಮುಖ ಒರೆಸಿಕೊಂಡ. ಡಾಕ್ಟರ ಬಳಿ ಹೋಗಿ, “ಆಕೀಗೆ ನೋವಾಗದಂಗ ತಗೀರಿ” ಎಂದ. ನೋವಿನ ಕಾಲ ಮುಗಿದಿದೆಯೆಂದು ಡಾಕ್ಟರು ತಿದ್ದಲು ಹೋಗಲಿಲ್ಲ, “ಆಗಲ್ರಿ” ಎಂದರು. ಮಣ್ಣಿನ ದಿನ ಅವನೇ ಲಿಂಗವನ್ನು ಅವ್ವನ ಎದೆಗೆ ಕಟ್ಟಿದ.

ವರ್ಷ ಕಳೆದರೆ, ಎರಡೂ ಕಡೆಯವರು ಒಪ್ಪಿದರೆ, ಕೈ ಪಡೆದವರನ್ನು ನೋಡಬಹುದು. ಅಪ್ಪ ಹಿಂದೆಮುಂದೆ ನೋಡಿ ಕೊನೆಗೂ ಹೊರಟ. ಕೈ ಪಡೆದವರು ಇಳಕಲ್ಲಿನ ಅಂಬುಬಾಯಿ, ಕಬಡ್ಡಿ ಪಂದ್ಯದ ರೆಫರಿ. ಕರೆಂಟು ಹೊಡೆದು ಎರಡೂ ಕೈ ಕಳೆದುಕೊಂಡಿದ್ದವರು. ನಾವು ಮೈದಾನ ತಲುಪಿದಾಗ ಆಟ ಜೋರಾಗಿತ್ತು. ಎತ್ತಿನಂಥ ಆಳೊಬ್ಬ ಔಟಾಗಿಲ್ಲವೆಂದು ವಾದಿಸುತ್ತಿದ್ದ. ಸೀಟಿ ಊದಿ, ಅವ್ವನ ಬಲಗೈಯನ್ನು ಚಾಚಿ, ಅವನಿಗೆ ಹೊರದಾರಿ ತೋರಿಸಿದರು ಅಂಬುಬಾಯಿ. ಮುಂಗೈ ಮೇಲಿನ ಅವ್ವನ ಹಸಿರು ಚೇಳಿನ ಹಚ್ಚೆ ದೂರದಿಂದಲೂ ಕಂಡಿತು. ನನಗೆ ಅಳು ಬಂತು. ಅಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ: “ಮನ್ಯಾಗ ನನ್ನೊಬ್ಬನ್ನ ಹೊರಗ ಹಾಕ್ತಿದ್ಲು, ಈಗ ಎಲ್ಲಾರ್ನೂ ಹಾಕಾಕತ್ತಾಳ ನೋಡು!”

ಆಟ ಮುಗಿದ ಮೇಲೆ ಅಂಬುಬಾಯಿ ಸಂಕೋಚದಿಂದ ಬಂದರು. “ಕಾಕಾ, ಅವರು ರೊಟ್ಟಿ ಭಾಳ ಚಂದ ಮಾಡ್ತಿದ್ರಂತ. ನನಗ ಬರಂಗಿಲ್ರಿ.”

“ಇರ್ಲಿ ಬಿಡವಾ. ಆಕೀಗೂ ಕಬಡ್ಡಿ ಬರ್ತಿದ್ದಿಲ್ಲ.”

ಈಗ ಹಬ್ಬದ ದಿನಗಳಲ್ಲಿ ಅವರು ನಮ್ಮಲ್ಲಿಗೇ ಬರುತ್ತಾರೆ. ಅಪ್ಪ ಚೆನ್ನಾಗಿದ್ದಾನೆ, ಆಟದ ನಿಯಮ ಕಲಿತು ಅವರೊಡನೆ ಜಗಳವಾಡುತ್ತಾನೆ.

ನಿಮ್ಮಲ್ಲಿ ಒಂದೇ ಒಂದು ವಿನಂತಿ. ನಿಮ್ಮ ಕಾಲದಲ್ಲಿ ಕಣ್ಣು, ಕಿಡ್ನಿ, ಹೃದಯ ಎಲ್ಲಕ್ಕೂ ಮನುಷ್ಯರು ಮನುಷ್ಯರನ್ನೇ ಕೇಳಬೇಕಲ್ಲ. ಕೇಳಿದಾಗ ಯಾರಾದರೂ “ಬ್ಯಾಡ” ಎಂದರೆ ನನ್ನಂತೆ ಕೂಗಾಡಬೇಡಿ. ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಅವರು ಏನನ್ನೋ ಕೇಳಬೇಕೆಂದಿರುತ್ತಾರೆ.