ಇಳಿಯುವ ಗೆರೆ, ಏರುವ ಗೆರೆ

ಬಸ್ ಡಿಪೋ, ಚಾಲಕರ ಕೋಣೆ
ಬುಧವಾರ ಮಧ್ಯಾಹ್ನ

ಗೆರೆ ಎಳೆದೇ ಸಂಬಳ ತಗೊಳ್ಳುವ ನನ್ನ ಮುದ್ದು ಸೊಸೆಗೆ, ಕೋಪದಿಂದ ಕುದಿಯುತ್ತಿರುವ ಸೋದರಮಾವನ ಆಶೀರ್ವಾದ.

ನೀನು ಕಳಿಸಿದ ನಕ್ಷೆ ತಲುಪಿತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಯಾವ ದೇಶದಲ್ಲಿ ವರ್ಷವರ್ಷ ಎಷ್ಟು ಗಂಡಸರು ಸಾಯುತ್ತಾರೆಂದು ದೇಶಕ್ಕೊಂದು ಬಣ್ಣದ ಗೆರೆ. ಏಳನೇ ಕ್ಲಾಸಿಗೇ ಮೇಷ್ಟ್ರಿಗೆ ಕೈಮುಗಿದು ಬಂದವನಾದರೂ ಒಂದೇ ನೋಟಕ್ಕೆ ತಿಳಿಯಿತು. ದುಡ್ಡಿರುವ ದೇಶಗಳ ಗೆರೆ ಬಹುಪಾಲು ಇಳಿಯುತ್ತಿದೆ, ನಮ್ಮದು ಏರುತ್ತಿದೆ. ಯಾಕಂತೆ? ನಮ್ಮ ಗಂಡಸರೇನು ಬಿಟ್ಟಿ ಬಿದ್ದಿದ್ದಾರಾ?

ನಕ್ಷೆಯನ್ನು ಡಿಪೋದ ಮೂತ್ರಾಲಯದಲ್ಲಿ, ನಿಂತವರ ಕಣ್ಣಿಗೆ ನೇರವಾಗಿ ಅಂಟಿಸಿದೆ. ಇಂಥ ಜಾಗ ನಿಮ್ಮ ಆಫೀಸಿನ ಯಾವ ದೊಡ್ಡ ತಲೆಗೆ ಹೊಳೆದೀತು ಹೇಳು! ಆದರೆ ನಮ್ಮವರ ಬುದ್ಧಿ ನೋಡು. ಹಾರ್ನ್ ಅಂತ ಕರೀತೀವಲ್ಲ, ನನ್ನ ಜೊತೆಯ ಹಳೇ ಡ್ರೈವರ್, ಈಚೆಗೆ ಟ್ರಿಪ್ಪಿನ ನಡುವೆ ಬಸ್ ನಿಲ್ಲಿಸಿ ನಿಲ್ಲಿಸಿ ಪೊದೆ ಹುಡುಕುವವನು. ಇಳಿಯೋ ಗೆರೆಗಳೇ ಜಾಸ್ತಿ ಕಣ್ರೋ, ಘಾಟಿ ಇಳಿದಂಗೆ, ಇನ್ನು ಗಾಡಿ ತಾನೇ ಹೋಗ್ತದೆ ಅಂದ. ಎಲ್ಲರೂ ತಲೆಯಾಡಿಸಿ ಪ್ಯಾಂಟ್ ಏರಿಸಿಕೊಂಡು ಹೊರಟರು! ಇಳೀತಿರೋದು ಬೇರೆಯವರ ಗಾಡಿ ಕಣೋ ದಡ್ಡ, ನಮ್ಮದು ಇನ್ನೂ ಏರಿನಲ್ಲಿದೆ ಅಂತ ಕೂಗಿದೆ.

ಕೂಗಿಗೆ ಓಡಿ ಬಂದ ಮ್ಯಾನೇಜರು ನಕ್ಷೆ ಕಿತ್ತೆಸೆದ. ಹೆಂಗಸರು ಓಡಾಡೋ ಡಿಪೋ, ಅಸಹ್ಯ ಅಂದ. ಗಂಡಸರ ಮೂತ್ರಾಲಯಕ್ಕೆ ಯಾವ ಹೆಂಗಸು ಬರ್ತಾಳೆ ಸ್ವಾಮಿ ಅಂತ ಕೇಳಿದ್ದಕ್ಕೆ ನನಗೇ ಮೆಮೋ ಕೊಟ್ಟ. ಬಸ್ಸಿನ ಆಯಿಲ್ ದಿನಾ ನೋಡಿಸ್ತಾರೆ, ಓಡಿಸುವವನ ರಕ್ತ ನೋಡಿಸಿ ಅಂದರೆ ಅಸಹ್ಯವಂತೆ!

ಹಾರ್ನ್ ಪ್ರಾಸ್ಟೇಟಿನ ರಕ್ತ ಪರೀಕ್ಷೆಗೆ ಸುತರಾಂ ಒಪ್ಪಲಿಲ್ಲ. ಜನ ಏನಂತಾರೆ ಅನ್ನುವ ಭಯ. ನನ್ನದು ಶೋರೂಮ್ ಇಂಜಿನ್ ಕಣಯ್ಯಾ, ಆದರೂ ಮೊದಲು ನಾನೇ ತೋಳು ಕೊಡ್ತೀನಿ ಬಾ ಅಂತ ಎಳಕೊಂಡು ಹೋದೆ. ಡಾಕ್ಟರು ನೋಡಿದರು, ಅವನದು ಬರೀ ವಯಸ್ಸಿಗೆ ಬರುವ ಊತ, ಗುಳಿಗೆಯಲ್ಲಿ ಹೋಗುತ್ತದಂತೆ. ನನ್ನ ವಿಷಯ ಬರೆಯೋಕೇನಿದೆ, ಗುಂಡುಕಲ್ಲಿನ ಹಾಗಿದ್ದೇನೆ. ನಿಮ್ಮಮ್ಮನಿಗೆ ಓದಿ ಹೇಳು.

ಒಂದು ಗೀರೂ ಬೀಳದಂತೆ ಬಸ್ ಓಡಿಸಿದ
ನಿನ್ನ ಸೋದರಮಾವ

ಬೇರೆ ಚೀಟಿಯಲ್ಲಿ: ಇದನ್ನು ನನ್ನ ಅಕ್ಕನಿಗೆ, ಅಂದರೆ ನಿಮ್ಮಮ್ಮನಿಗೆ, ಓದಿ ಹೇಳಬೇಡ. ಕೆಟ್ಟ ರಿಪೋರ್ಟ್ ಬಂದಿರುವುದು ನನ್ನದೇ. ಶುಕ್ರವಾರ ಆಸ್ಪತ್ರೆಯಲ್ಲಿ ಒಳಗಿನ ಚೂರು ತೆಗೆದು ಕ್ಯಾನ್ಸರಾ ಅಂತ ನೋಡುತ್ತಾರಂತೆ. ಹಾರ್ನ್ ರಜೆ ಹಾಕಿ ಜೊತೆಗೆ ಬರುತ್ತಾನೆ, ಡಿಪೋಗೆಲ್ಲ ಕೇಳುವ ಹಾಗೆ ಅಳುತ್ತಿದ್ದಾನೆ, ಮಾನ ಕಳೆದ. ನೀನೂ ಬಾ ಪುಟ್ಟಿ. ಬರುವಾಗ ಇನ್ನೊಂದು ನಕ್ಷೆ ತಾ. ಈ ಸಲ ಮ್ಯಾನೇಜರನ ಬಾಗಿಲಿಗೇ ಅಂಟಿಸುತ್ತೇನೆ. ಏರುವ ಗೆರೆಯಲ್ಲಿ ನಾನೂ ಒಬ್ಬ ಅಂತ ಅವನ ಮುಖಕ್ಕೇ ಹೇಳುತ್ತೇನೆ.