ಶಟರ್ ಇಳಿಸಿ ಮಾಡಿದ ರಿಪೇರಿ

ಮಂಗಳವಾರ, ಫೆಬ್ರವರಿ 17
ಮಧ್ಯಾಹ್ನ, ಅಂಗಡಿಯಿಂದ

ನನ್ನ ಮನೆಯ ಹೆಡ್ಮಿಸ್ಸಿಗೆ,

ನೀನು ಚೆನ್ನಾಗಿದ್ದೀಯ ಅಂತ ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ನಿನ್ನ ಕೈಗೆ ಫೋನು ಕೊಡು ಅನ್ನುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಈ ಕಾಗದ, ಇವತ್ತೇ ಅಂಗಡಿ ಹುಡುಗನ ಕೈಯಲ್ಲಿ ಕಳಿಸುತ್ತೇನೆ. ಎದುರಿಗೆ ಕೂತರೆ ಸ್ಕ್ರೂಡ್ರೈವರ್ ಹುಡುಕುವ ನೆಪ ಮಾಡಿ ನಾನು ಎದ್ದು ಹೋಗುತ್ತೇನೆ, ನಿನಗೆ ಗೊತ್ತಲ್ಲ.

ನೀನು ಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಹೋಗುವ ಮುಂಚೆ ನೀನು ಒಂದೇ ಮಾತು ಕೇಳಿದೆ. ನಾನು ಮುಟ್ಟಿದ್ರೆ ನಿಮಗೆ ಅಷ್ಟು ಅಸಹ್ಯಾನಾ ಅಂತ. ನೀನು ಚೀಲ ಹಿಡಿದು ಬಾಗಿಲು ದಾಟುವಾಗಲೂ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಈಗ ಹೇಳುತ್ತೇನೆ. ಅಸಹ್ಯ ಅಲ್ಲ, ನೋವು. ಮನಸ್ಸಿನದಲ್ಲ, ಮೈಯ ನೋವು. ಮುಂದಿನದನ್ನು ಓದುವಾಗ ನಿನ್ನ ತಂಗಿ ಪಕ್ಕದಲ್ಲಿ ಇಲ್ಲದ ಹಾಗೆ ನೋಡಿಕೋ.

ಐದು ತಿಂಗಳ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಡಾಕ್ಟರು ಕ್ಯಾನ್ಸರ್ ಗೆಡ್ಡೆ ಪೂರ್ತಿ ಹೋಗಿದೆ ಅಂದಾಗ ನೀನೂ ಅಲ್ಲೇ ಇದ್ದೆ. ನೀನು ಔಷಧಿ ತರಲು ಕೆಳಗೆ ಹೋದಾಗ ಅವರು ಇನ್ನೊಂದು ಮಾತು ಹೇಳಿದರು. ಗಂಡ ಹೆಂಡತಿ ಸೇರುವುದಕ್ಕೆ ಬೇಕಾದ ನರಗಳನ್ನು ಉಳಿಸಿದ್ದಾರಂತೆ. ಆದರೆ ಅವು ಪೆಟ್ಟು ತಿಂದಿವೆಯಂತೆ. ಚೇತರಿಸಿಕೊಳ್ಳಲು ಒಂದು ವರ್ಷವಾಗಬಹುದು, ಎರಡೂ ಆಗಬಹುದು. ಅಲ್ಲಿಯವರೆಗೆ ಆ ಜಾಗಕ್ಕೆ ರಕ್ತ ಓಡಾಡುತ್ತಿರಬೇಕು, ಅದಕ್ಕೊಂದು ವ್ಯಾಕ್ಯೂಮ್ ಪಂಪು ಇದೆ, ಗಾಯ ಮಾಗಿದ ಮೇಲೆ ನರ್ಸ್ ಕಲಿಸಿಕೊಡುತ್ತಾರೆ ಅಂದರು. ನೀನು ಮೇಲೆ ಬರುವಷ್ಟರಲ್ಲಿ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಮನೆಗೆ ಬಂದ ಮೇಲೆ ನೀನು ಒಂದು ಸಲ ಅಂದೆ, ನೀವು ಬದುಕಿ ಬಂದ್ರಲ್ಲ, ನಂಗೆ ಅಷ್ಟೇ ಸಾಕು ಕಣ್ರೀ, ಬೇರೆ ಏನೂ ಬೇಡ. ನೀನು ಪ್ರೀತಿಯಿಂದ ಅಂದದ್ದು. ನನಗೆ ಅದು ಬಾಗಿಲು ಹಾಕಿದ ಸದ್ದಿನ ಹಾಗೆ ಕೇಳಿತು. ನನಗೆ ನಲವತ್ತೊಂಬತ್ತು. ನನಗೆ ಸಾಕಾಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಅಂತ ಗೊತ್ತಾಗಲಿಲ್ಲ.

ಪಂಪು ಅಂದರೆ ಒಂದು ಪ್ಲಾಸ್ಟಿಕ್ ಕೊಳವೆ, ಅದರ ತಲೆಯ ಹತ್ತಿರ ಕೈಯಿಂದ ಒತ್ತುವ ಹಿಡಿ. ಒಳಗಿನ ಗಾಳಿ ಹೊರಗೆ ಹೋದರೆ ರಕ್ತ ಬಂದು ತುಂಬಿಕೊಳ್ಳುತ್ತದೆ. ನರ್ಸ್ ನಿಧಾನವಾಗಿ ಕಲಿಸಿದಳು. ಸ್ವಲ್ಪ ಎಳೆಯಬೇಕು, ಒಂದೆರಡು ನಿಮಿಷ ಇಟ್ಟು ಬಿಡಬೇಕು, ಮತ್ತೆ ಎಳೆಯಬೇಕು. ಎಲ್ಲ ಸೇರಿ ದಿನಕ್ಕೆ ಹತ್ತು ನಿಮಿಷ. ನಾನು ಒಳಗೊಳಗೇ ನಕ್ಕೆ. ಇಪ್ಪತ್ತೆರಡು ವರ್ಷದಿಂದ ಫ್ರಿಜ್ ರಿಪೇರಿ ಮಾಡುವವನಿಗೆ ಈ ಹುಡುಗಿ ವ್ಯಾಕ್ಯೂಮ್ ಕಲಿಸುತ್ತಾಳಾ! ಗ್ಯಾಸ್ ತುಂಬುವ ಮುಂಚೆ ಪೈಪಿನ ಗಾಳಿಯೆಲ್ಲ ಎಳೆದು ಅರ್ಧ ಗಂಟೆ ಹಾಗೇ ಬಿಡುತ್ತೇವೆ. ಮೀಟರಿನ ಮುಳ್ಳು ಅಲುಗಾಡದಿದ್ದರೆ ಲೀಕಿಲ್ಲ ಅಂತ ಅರ್ಥ.

ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಪಂಪು ಒತ್ತಿದೆ. ಜೋರಾಗಿ ಒತ್ತಿದರೆ ಕೊಳವೆಯ ತಲೆಯ ಹತ್ತಿರದ ಒಂದು ತೂತು ಸಣ್ಣಗೆ ಸುಯ್ ಅನ್ನುತ್ತಿತ್ತು. ನನ್ನ ಕಿವಿ ನಿನಗೆ ಗೊತ್ತಲ್ಲ. ಲೀಕು ಅಂದುಕೊಂಡೆ. ಅಂಗಡಿಯಿಂದ ಸೀಲಿಂಗ್ ಪೇಸ್ಟ್ ತಂದು ಆ ತೂತಿಗೆ ಮೆತ್ತಿದೆ. ಮಾರನೆಯ ದಿನ ಎಳೆದು, ಕೈಗಡಿಯಾರ ನೋಡಿಕೊಂಡು, ಹಲ್ಲು ಕಚ್ಚಿ ಅರ್ಧ ಗಂಟೆ ಕೂತೆ. ನೋವಾಯಿತು. ಹೊಸದರಲ್ಲಿ ಹಾಗೇ ಇರಬೇಕು ಅಂದುಕೊಂಡೆ. ತೆಗೆದಾಗ ನೋಡುತ್ತೇನೆ, ಬದನೆಕಾಯಿ ಬಣ್ಣ. ಊದಿಕೊಂಡಿತ್ತು, ಚರ್ಮದ ತುಂಬ ರಕ್ತದ ಚುಕ್ಕಿ. ಬಚ್ಚಲ ನೆಲದ ಮೇಲೆ ಕೂತುಬಿಟ್ಟೆ. ನೀನು ಹೊರಗಿನಿಂದ ಏನ್ರೀ, ಒಳಗೇ ಸಂಸಾರ ಹೂಡಿದ್ರಾ ಅಂತ ಕೂಗಿದೆ.

ಅದೇ ಸಂಜೆ ನೀನು ಹೊಲಿಗೆ ಮುಗಿಸಿ ಬಂದು ನನ್ನ ಪಕ್ಕ ಮಲಗಿ ಸೊಂಟದ ಮೇಲೆ ಕೈ ಇಟ್ಟೆ. ಎಷ್ಟೋ ತಿಂಗಳ ಮೇಲೆ. ನಾನು ಕೈ ಕೊಡವಿ, ಮುಟ್ಟಬೇಡ ಅಂತ ಕಿರುಚಿದೆ. ನೀನು ದಿಂಬು ತೆಗೆದುಕೊಂಡು ಹೊಲಿಗೆ ಮಿಷನ್ ಕೋಣೆಗೆ ಹೋದೆ. ನಾನು ಕರೆಯಲಿಲ್ಲ. ಮೂರು ದಿನ ಬಿಟ್ಟು ನೀನು, ತಂಗಿ ಮನೆಗೆ ಹೋಗಲಾ ಅಂದೆ. ನಾನು ಹೋಗು ಅಂದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ನಮ್ಮ ಅಂಗಡಿಯ ಪಾಲುದಾರ ಗಡ್ಡದಣ್ಣ ನನ್ನ ನಡಿಗೆ ನೋಡಿ, ಏನಯ್ಯ, ಈಗಷ್ಟೇ ಕುದುರೆಯಿಂದ ಇಳಿದು ಬಂದೆಯಾ ಅಂತ ಕೇಳಿದ. ಎಲ್ಲರೂ ನಕ್ಕರು. ಆಮೇಲೆ ಅವನೇ ಒಳಗೆ ಕರೆದು, ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ, ಮೊದಲು ಆಸ್ಪತ್ರೆಗೆ ಹೋಗು ಅಂತ ಗದರಿಸಿದ. ಹೋದೆ. ನರ್ಸ್ ಪಂಪು ತಿರುಗಿಸಿ ನೋಡಿ, ಇದೇನಿದು ಮೆತ್ತಿದ್ದೀರ ಅಂದಳು. ಲೀಕಿತ್ತು ಮೇಡಂ, ಫ್ರಿಜ್ಜಿಗೂ ಹೀಗೇ ಮೆತ್ತೋದು ಅಂದೆ. ಅವಳು ಹಣೆ ಚಚ್ಚಿಕೊಂಡಳು. ಅದು ಲೀಕಲ್ಲ ಸ್ವಾಮಿ, ಎಳೆತ ಜಾಸ್ತಿಯಾದ್ರೆ ಗಾಳಿ ಒಳಗೆ ಬಿಟ್ಟು ನಿಮ್ಮನ್ನ ಕಾಪಾಡೋಕೆ ಅಂತ ಇಟ್ಟಿರೋದು, ನೀವೇನು ಫ್ರಿಜ್ಜಾ ಅಂತ ಬೈದಳು. ಡಾಕ್ಟರೂ ನೋಡಿದರು. ಪುಣ್ಯಕ್ಕೆ ಒಳಗೆ ಏನೂ ಕೆಟ್ಟಿರಲಿಲ್ಲ. ಎರಡು ವಾರ ಪಂಪು ಮುಟ್ಟಕೂಡದು ಅಂದರು. ಈಗ ಬಣ್ಣ ಇಳಿದಿದೆ, ನೋವಿಲ್ಲ. ಒಂದು ವಾರದಿಂದ ಹೊಸ ಪಂಪಿನಲ್ಲಿ ಅವಳು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ.

ಇಷ್ಟನ್ನೂ ನಿನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಬಹಳ ಯೋಚಿಸಿದೆ. ನಾವು ಫ್ರಿಜ್ ಬಿಚ್ಚಿದಾಗ ಗಿರಾಕಿಯನ್ನು ಒಳಗೆ ಬಿಡುವುದಿಲ್ಲ. ನೆಲದ ಮೇಲೆ ಬಿದ್ದ ಸ್ಕ್ರೂ, ಪೈಪು ನೋಡಿದರೆ ಹೆದರುತ್ತಾರೆ. ಸರಿ ಮಾಡಿ, ಒರೆಸಿ, ತಣ್ಣಗಾದ ಮೇಲೆ ತೋರಿಸುತ್ತೇವೆ. ನಿನಗೂ ಹಾಗೇ ಮಾಡಲು ಹೋದೆ. ಒಂದು ದಿನ ಎಲ್ಲ ಸರಿಯಾದ ಮೇಲೆ ನಿನ್ನ ಕರೆಯೋಣ, ಅಲ್ಲಿಯ ತನಕ ಶಟರ್ ಇಳಿಸಿಕೊಂಡಿರೋಣ ಅಂತ. ನೀನು ಗಿರಾಕಿ ಅಲ್ಲ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ನಿಜ ಹೇಳುತ್ತೇನೆ. ಕೊಳವೆಯೊಳಗೆ ಇರುವಷ್ಟು ಹೊತ್ತು ಸರಿಯಿರುತ್ತದೆ, ಹೊರಗೆ ಬಂದರೆ ಇಳಿದುಹೋಗುತ್ತದೆ. ಇವತ್ತಿಗೆ ಇಷ್ಟೇ. ನಿಲ್ಲಿಸಿಕೊಳ್ಳಲು ಒಂದು ರಬ್ಬರ್ ಉಂಗುರ ಬರುತ್ತದೆ, ಇಬ್ಬರೂ ಬೇಕು ಅಂದಾಗ ಹಾಕಿಕೊಳ್ಳುವುದು. ಅರ್ಧ ಗಂಟೆ ಮೀರಬಾರದು ಅಂದಳು ನರ್ಸ್. ಆ ಪೊಟ್ಟಣ ಒಡೆದಿಲ್ಲ. ಒಡೆಯುವುದು ನನ್ನೊಬ್ಬನ ಕೆಲಸ ಅಲ್ಲ. ಮುಂದೆ ತಾನಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಹಾಗಿದ್ದೂ ನೀನು ಪಕ್ಕದಲ್ಲಿ ಮಲಗಬೇಕು ಅನ್ನುವುದು ನನ್ನ ಆಸೆ. ನಿನಗೇನು ಬೇಕು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಬೇಡ ಅಂದರೂ ಸರಿ, ಬೈದರೂ ಸರಿ, ನೀನೇ ಬಂದು ಹೇಳು.

ಬಾಯಿ ಬಿಡಲು ಐದು ತಿಂಗಳು ತೆಗೆದುಕೊಂಡ
ನಿನ್ನ ಗಂಡ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಗುರುವಾರ ಹನ್ನೊಂದು ಗಂಟೆಗೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಮೊದಲ ದಿನವೇ ನರ್ಸ್, ಮನೆಯವರನ್ನೂ ಕರ್ಕೊಂಡು ಬನ್ನಿ, ಇಬ್ಬರಿಗೂ ಒಟ್ಟಿಗೆ ಹೇಳಿಕೊಡ್ತೀನಿ ಅಂದಿದ್ದಳು. ನಾಚಿಕೆಗೆ, ಹೆಂಡತಿ ಇಲ್ಲ ಅಂದುಬಿಟ್ಟೆ. ಅವಳು ಅಯ್ಯೋ ಪಾಪ, ತೀರಿಕೊಂಡ್ರಾ ಅಂದಳು. ನಾನು ಹೌದು ಅನ್ನುವ ಹಾಗೆ ತಲೆಯಾಡಿಸಿದೆ. ಅವತ್ತಿನಿಂದ ಹೋದಾಗಲೆಲ್ಲ ನನಗೆ ಸಮಾಧಾನ ಹೇಳುತ್ತಾಳೆ. ಗುರುವಾರ ನೀನು ಬಂದರೆ, ಒಳಗೆ ಹೋಗುವ ಮುಂಚೆ ಅವಳಿಗೆ ನಾನೇ ನಿಜ ಹೇಳುತ್ತೇನೆ. ಆಸ್ಪತ್ರೆ ಬಾಗಿಲ ಹತ್ತಿರ ಕಾಯುತ್ತಿರುತ್ತೇನೆ.